ನೋಡುವವನ ಪಾಲು

ದೇಶ ಸುತ್ತಿದರೆ ಮನಸ್ಸು ವಿಶಾಲವಾಗುತ್ತದೆಂದು ನಾವೆಲ್ಲ ಶಾಲೆಯ ಪ್ರಬಂಧಗಳಲ್ಲಿ ಬರೆದವರೇ. ಎರಡು ಸಾವಿರ ವರ್ಷಗಳ ಹಿಂದಿನ ರೋಮನ್ ಶ್ರೀಮಂತರಿಗೂ ಈ ನಂಬಿಕೆಯಿತ್ತು. ಒಳ್ಳೆಯ ರಸ್ತೆಗಳಿದ್ದವು, ಕೈತುಂಬ ಹಣವಿತ್ತು; ಅಥೆನ್ಸ್, ಟ್ರಾಯ್, ಈಜಿಪ್ಟಿನ ಪಿರಮಿಡ್ಡುಗಳೆಂದು ಹೊರಟುಬಿಡುತ್ತಿದ್ದರು. ತತ್ವಜ್ಞಾನಿ ಸೆನೆಕ ಮಾತ್ರ ಒಪ್ಪಲಿಲ್ಲ. ಬದಲಾಗಬೇಕಾದದ್ದು ಮನಸ್ಸು, ಊರಲ್ಲ. ಎಲ್ಲಿಗೆ ಹೋದರೂ ನಮ್ಮ ದೋಷಗಳು ಬೆನ್ನಿಗೇ ಬರುತ್ತವೆ ಎಂದು ಗೆಳೆಯ ಲುಸಿಲಿಯಸನಿಗೆ ಬರೆದ.

ಮಾತು ದೊಡ್ಡದೇ. ಆದರೂ ಅದು ನೋಡುವವನ ಲಾಭನಷ್ಟದ ಲೆಕ್ಕ. ನೋಡಿಸಿಕೊಳ್ಳುವವರ ಖಾತೆ ಅದರಲ್ಲಿಲ್ಲ. ಬಿಸಿನೀರಿಗಿಟ್ಟ ಥರ್ಮಾಮೀಟರು ಆ ನೀರಿನ ಶಾಖವನ್ನೇ ಒಂದಿಷ್ಟು ಹೀರುತ್ತದೆಂದು ನಾವು ಕಾಲೇಜಿನಲ್ಲಿ ಓದಿದ್ದೆವು. ಪ್ರವಾಸಿಯ ಕಣ್ಣೂ ಹಾಗೆಯೇ ಅಲ್ಲವೆ?

ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಈಜಿಪ್ಟಿನ ಆರ್ಸಿನೊಯಿಯಲ್ಲಿ ದೇವರ ಮೊಸಳೆಯೊಂದನ್ನು ನೋಡಿದ. ಅರ್ಚಕರು ಅದರ ಬಾಯಿ ಬಿಡಿಸಿ, ಅತಿಥಿಗಳು ತಂದ ರೊಟ್ಟಿ, ಮಾಂಸ ತುರುಕಿ, ಜೇನು ಬೆರೆಸಿದ ಪಾನೀಯ ಸುರಿದರು. ಅದು ಕೊಳಕ್ಕೆ ಹಾರಿ ಆಚೆ ದಡ ಸೇರಿತು. ಅಷ್ಟರಲ್ಲಿ ಇನ್ನೊಬ್ಬ ಪರದೇಶಿ ಬಂದ. ಅರ್ಚಕರು ಸುತ್ತು ಹಾಕಿ ಓಡಿ ಹಿಡಿದು ಮತ್ತೆ ತಿನ್ನಿಸಿದರು! ಮೊಸಳೆಗೆ ಹಸಿವಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ.

ಇದು ನಗುವ ಸಂಗತಿ. ಸ್ಪಾರ್ಟಾದ್ದು ಹಾಗಲ್ಲ. ಅಲ್ಲಿ ಆರ್ಟೆಮಿಸ್ ಆರ್ಥಿಯಾ ದೇವತೆಯ ಬಲಿಪೀಠದಿಂದ ಹುಡುಗರು ಗಿಣ್ಣು ಕದಿಯುವುದು, ಉಳಿದವರು ಅವರಿಗೆ ಚಾವಟಿ ಬೀಸುವುದು ಹಳೆಯ ಆಟ, ಕ್ರಿ.ಪೂ. 4ನೆಯ ಶತಮಾನದಲ್ಲಿ ಕ್ಸೆನೊಫನ್ ಹೇಳುವುದು ಇಷ್ಟೇ. ರೋಮನರ ಕಾಲಕ್ಕೆ ಗಿಣ್ಣು ಮಾಯವಾಗಿ ಚಾವಟಿಯೊಂದೇ ಉಳಿದಿತ್ತು. ಬಾಯಿಬಿಡದೆ ಹೆಚ್ಚು ಏಟು ತಿಂದವನೇ ವಿಜೇತ. ಪೂಜಾರಿಣಿ ಮರದ ಪುಟ್ಟ ವಿಗ್ರಹ ಹಿಡಿದು ನಿಲ್ಲುತ್ತಿದ್ದಳು. ಹುಡುಗನ ಚೆಲುವಿಗೋ ಮನೆತನಕ್ಕೋ ಮರುಗಿ ಏಟು ಹಗುರ ಮಾಡಿದರೆ ವಿಗ್ರಹ ಭಾರವಾಗುತ್ತದೆಂದು ಗದರುತ್ತಿದ್ದಳಂತೆ. ಕೆಲವರು ಸಾಯುತ್ತಾರೆಂದು ಅಲ್ಲಿಗೆ ಹೋಗಿದ್ದ ಸಿಸೆರೊ ಕೇಳಿದ್ದ. ಕ್ರಿ.ಶ. 3ನೆಯ ಶತಮಾನದಲ್ಲಿ ಬಲಿಪೀಠದ ಸುತ್ತ ಕಲ್ಲಿನ ಆಸನಗಳ ಸಾಲುಗಳನ್ನೇ ಕಟ್ಟಿದರು. ದೇವಾಲಯದ ಮುಂಭಾಗವೇ ರಂಗವಾಯಿತು.

ಪ್ರೇಕ್ಷಕನ ಸಮಾಧಾನ ನಮಗೆ ಗೊತ್ತಿರುವುದೇ: ಆಚಾರ ಹಳೆಯದು, ನಾನು ಬಾರದಿದ್ದರೂ ನಡೆಯುತ್ತಿತ್ತು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹುಡುಗರಿಗೂ ಬಿರುದಿನ ಹಂಬಲವಿತ್ತು, ಗೆದ್ದವರ ಪ್ರತಿಮೆಗಳನ್ನು ನಿಲ್ಲಿಸುತ್ತಿದ್ದರು. ಆದರೆ ಸೋತು ಬಡವಾದ ಊರು ಹಳೆಯ ಕೀರ್ತಿಯನ್ನೇ ಮಾರಿ ಬದುಕುವಾಗ, ಕೊಳ್ಳುವವನು ಕಠೋರ ಸ್ಪಾರ್ಟಾವನ್ನೇ ಕೇಳುತ್ತಾನೆ. ಕೇಳಿದ್ದನ್ನು ಒದಗಿಸುತ್ತಾರೆ. ಖಾಲಿ ಆಸನಗಳಿಗಾಗಿ ಯಾರೂ ಕಲ್ಲು ಹೊರುವುದಿಲ್ಲ. ಒಬ್ಬೊಬ್ಬ ಪ್ರೇಕ್ಷಕನ ಪಾಲು ಸಣ್ಣದಿರಬಹುದು, ಸೊನ್ನೆಯಂತೂ ಅಲ್ಲ.

ಪ್ಲುಟಾರ್ಕ್ ಕೋಮಲ ಮನಸ್ಸಿನವನು, ಮಾಂಸಾಹಾರವನ್ನು ಖಂಡಿಸಿ ಬರೆದವನು. ಬಟ್ಟೆಯೊಳಗೆ ಬಚ್ಚಿಟ್ಟ ನರಿಮರಿ ಹೊಟ್ಟೆ ಬಗೆದರೂ ತುಟಿಪಿಟಕ್ಕೆನ್ನದೆ ಸತ್ತ ಸ್ಪಾರ್ಟಾ ಹುಡುಗನ ಕಥೆ ಅವನಲ್ಲಿದೆ. ಕಥೆ ನಂಬತಕ್ಕದ್ದು, ಏಕೆಂದರೆ ಆರ್ಥಿಯಾ ಬಲಿಪೀಠದ ಬಳಿ ಏಟಿಗೆ ಸಿಕ್ಕಿ ಸಾಯುವ ಹುಡುಗರನ್ನು ತಾನೇ ಕಂಡಿದ್ದೇನೆ, ಒಬ್ಬರಲ್ಲ, ಅನೇಕರನ್ನು, ಎನ್ನುತ್ತಾನೆ. ಅಷ್ಟು ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಾನೆ.