ಬೆನ್ನುನೋವಿಗೂ ಲೆಕ್ಕ ಕೊಡಬೇಕಾ?

ಬೆನ್ನುನೋವು ಅಂದಿದ್ದಕ್ಕೆ ಆಫೀಸಿನಲ್ಲಿ ಎರಡೇ ದಿನಕ್ಕೆ ನನಗೆ ಹೊಸ ಕುರ್ಚಿ ಬಂತು. ಇದರಿಂದ ಕಂಪನಿಗೇನು ಲಾಭ ಅಂತ ಯಾರೂ ಕೇಳಲಿಲ್ಲ.

ಕಳೆದ ತಿಂಗಳು ಕೆಲಸದ ಮೇಲೆ ನೆಲಮಂಗಲದ ಹತ್ತಿರ ಒಂದು ಗೋದಾಮಿಗೆ ಹೋಗಿದ್ದೆ. ಅಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಅಣ್ಣ ಹರಿದ ಸೀಟಿನ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡು ಕೂತಿದ್ದರು. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಕಾರಿನಂತೆ ಸಸ್ಪೆನ್ಷನ್ ಇರುವುದಿಲ್ಲ, ಟೈರೂ ಗಟ್ಟಿ. ನೆಲದ ಪ್ರತಿ ಬಿರುಕೂ ಸೀದಾ ಬೆನ್ನಿಗೇ ಬಡಿಯುತ್ತದೆ. ಲೋಡ್ ಕಣ್ಣಿಗೆ ಅಡ್ಡ ಬಂದರೆ ಕುತ್ತಿಗೆ ತಿರುಚಿಕೊಂಡು ರಿವರ್ಸ್‌ನಲ್ಲೇ ಹೋಗಬೇಕು.

"ಸಸ್ಪೆನ್ಷನ್ ಇರೋ ಸೀಟು ಹಾಕಿಸಬಹುದಲ್ವಾ ಸರ್?" ಅಂತ ಮ್ಯಾನೇಜರನ್ನು ಕೇಳಿದೆ. "ಹಾಕಿಸಿದ್ರೆ ಗಂಟೆಗೆ ಎಷ್ಟು ಪ್ಯಾಲೆಟ್ ಜಾಸ್ತಿ ಎತ್ತುತ್ತಾರೆ ಹೇಳಿ," ಅಂದರು. ನಾನೂ ಲ್ಯಾಪ್‌ಟಾಪ್ ತೆಗೆದು ಲೆಕ್ಕಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ ನಾಚಿಕೆಯಾಯಿತು. ಲಾಭ ಬರದಿದ್ದರೆ ಆ ನೋವು ನೋವೇ ಅಲ್ಲವಾ?

ಲೆಕ್ಕ ತೋರಿಸಿದರೆ ಸೀಟು ಬೇಗ ಬರಬಹುದು, ನಿಜ. ಆದರೆ ಲೆಕ್ಕದಿಂದ ಬಂದದ್ದು ನಾಳೆ ಲೆಕ್ಕ ತಿರುಗಿದರೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟ 2002ರಲ್ಲಿ ಬೇರೆ ದಾರಿ ಹಿಡಿಯಿತು: ಇಡೀ ದೇಹಕ್ಕೆ ತಟ್ಟುವ ಕಂಪನ, ಎಂಟು ಗಂಟೆಯ ಕೆಲಸಕ್ಕೆ ಹಿಡಿದು ನೋಡಿದಾಗ, 0.5 ಮೀ/ಸೆ² ದಾಟಿದರೆ ಅದನ್ನು ತಗ್ಗಿಸುವ ಕ್ರಮಕ್ಕೆ ಮಾಲೀಕರು ಮುಂದಾಗಬೇಕು. ಅಲ್ಲಿ ಅಳೆಯುವುದು ಮೈಗೆ ಬೀಳುವ ಪೆಟ್ಟನ್ನು, ಎತ್ತಿದ ಪ್ಯಾಲೆಟ್‌ಗಳನ್ನಲ್ಲ.

ನಾನು ಮ್ಯಾನೇಜರಿಗೆ ಕಳಿಸಿದ ಮೇಲ್‌ನಲ್ಲಿ ಪ್ಯಾಲೆಟ್ ಲೆಕ್ಕ ಇರಲಿಲ್ಲ. "ಅವರಿಗೆ ಬೆನ್ನು ನೋಯುತ್ತಿದೆ, ಸೀಟು ಬದಲಿಸಿ" ಅಂತಷ್ಟೇ ಬರೆದೆ. ನನ್ನ ಕುರ್ಚಿಗೆ ಅಷ್ಟೇ ಸಾಕಾಗಿತ್ತಲ್ಲ.