ಪಾಠ ಮೊದಲೋ, ಸಂಶೋಧನೆ ಮೊದಲೋ?

ವಿಶ್ವವಿದ್ಯಾಲಯದ ಅಧ್ಯಾಪಕರು ತಮ್ಮ ಹೊತ್ತನ್ನು ಯಾರಿಗೆ ಸಲ್ಲಿಸಬೇಕು? ಎದುರಿಗೆ ಕುಳಿತ ವಿದ್ಯಾರ್ಥಿಗೋ, ಇನ್ನೂ ಬಯಲಾಗದ ಸತ್ಯಕ್ಕೋ? ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಿಗೆ ಇದು ಬರಿಯ ತರ್ಕದ ಮಾತಲ್ಲ. ಮಕ್ಕಳಿಗೆ ಬಿಟ್ಟುಹೋಗಲು ನಮ್ಮಲ್ಲಿ ಗದ್ದೆಯಿಲ್ಲ, ತೋಟವಿಲ್ಲ, ಓದೊಂದೇ ಆಸ್ತಿ.

ಇವೆರಡು ಕೆಲಸಗಳನ್ನು ಸವತಿಯರೆಂದು ಮೊದಲೇ ತೀರ್ಮಾನಿಸಬೇಕಾಗಿಲ್ಲ. ಢಾಕಾ ವಿಶ್ವವಿದ್ಯಾಲಯದಲ್ಲಿ ಸತ್ಯೇಂದ್ರನಾಥ ಬೋಸರು ಪ್ಲಾಂಕರ ವಿಕಿರಣ ನಿಯಮವನ್ನು ಬೋಧಿಸುತ್ತಿದ್ದಾಗ, ಪುಸ್ತಕಗಳಲ್ಲಿ ಅದನ್ನು ಸಾಧಿಸಿ ತೋರಿಸಿದ್ದ ರೀತಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ತೊಡಕೇ ಅವರನ್ನು ಹೊಸ ದಾರಿಗೆ ಹಚ್ಚಿತು. 1924ರಲ್ಲಿ ಅವರು ಬರೆದು ಕಳಿಸಿದ ಪುಟ್ಟ ಲೇಖನವನ್ನು ಸ್ವತಃ ಐನ್‌ಸ್ಟೈನರೇ ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಲು ನೆರವಾದರು. ಸಿ. ವಿ. ರಾಮನ್ನರದು ಕೇಂದ್ರ ಸರ್ಕಾರದ ನೌಕರರಾದ ನಮಗೆ ಇನ್ನೂ ಹತ್ತಿರದ ಕಥೆ. 1907ರಲ್ಲಿ ಹಣಕಾಸು ಇಲಾಖೆ ಸೇರಿದ ಅವರು, ಕಲ್ಕತ್ತದಲ್ಲಿದ್ದಾಗ ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಪ್ರಯೋಗ ನಡೆಸಿದರು. (ನಮಗೋ ಸಂಜೆ ರೈಲಿನಲ್ಲಿ ಕಾಲಿಡಲು ಜಾಗ ಸಿಕ್ಕರೆ ಅದೇ ಸಾಧನೆ!) 1917ರಲ್ಲಿ ಕಡಿಮೆ ಸಂಬಳಕ್ಕೆ ಅಲ್ಲಿನ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು. ಪಾಠ ಮಾಡಲೇಬೇಕೆಂಬ ಕಟ್ಟು ಆ ಪೀಠಕ್ಕಿರಲಿಲ್ಲ. ಆದರೂ ಮಾಡಿದರು.

ಅವರೆಲ್ಲ ಮಹಾನುಭಾವರು, ಸರಿ. ಸಾಮಾನ್ಯ ಅಧ್ಯಾಪಕರ ಪಾಡೇನು? ಯು.ಜಿ.ಸಿ.ಯ 2018ರ ನಿಯಮಗಳು ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ಪಾಠವನ್ನು ಗೊತ್ತುಮಾಡಿದವು. ಅದರ ತಯಾರಿ, ಉತ್ತರಪತ್ರಿಕೆಗಳ ರಾಶಿ, ಪ್ರವೇಶದ ಕೆಲಸ ಬೇರೆ. ಇದಕ್ಕೂ ಮುನ್ನ, 2010ರಲ್ಲಿ, ಬಡ್ತಿಗೆ ಅಂಕ ಕೂಡಿಸುವ ಪದ್ಧತಿ ಬಂದಿತ್ತು. ಪಾಠಕ್ಕೂ ಅಂಕವಿತ್ತು, ಹೆಚ್ಚಾಗಿ ಗಂಟೆಗಳ ಲೆಕ್ಕದಲ್ಲಿ. ಪ್ರಬಂಧಗಳಿಗೆ ಒಂದೊಂದಕ್ಕೆ ಇಷ್ಟೆಂದು. 2018ರಲ್ಲಿ ಅದನ್ನು ಬದಲಿಸಿದರೇನೋ ನಿಜ. ಆದರೆ ಕಡತಗಳ ನಡುವೆ ಬಾಳುವ ನಮಗೆ ಒಂದು ಗೊತ್ತು: ಎಣಿಸಲು ಬರುವುದು ಮಾತ್ರ ಕಡತದೊಳಗೆ ಕೂರುತ್ತದೆ. ಹಿಂದಿನ ಬೆಂಚಿನ ಹುಡುಗಿಗೆ ಕಲನಶಾಸ್ತ್ರ ಥಟ್ಟನೆ ಅರ್ಥವಾದದ್ದನ್ನು ಯಾವ ಕಾಲಮ್ಮಿನಲ್ಲಿ ತುಂಬಿಸುವುದು?

ಪಾಠ ಗಾಳಿಗೆ ಹೋಗುವ ಮಾತು, ಸಂಶೋಧನೆ ಉಳಿಯುವ ವಸ್ತು ಎಂದು ವಾದಿಸುವವರುಂಟು. ನಮಗೆ ಇದು ಒಪ್ಪಿತವಲ್ಲ. ಪ್ರಬಂಧ ಆರು ತಿಂಗಳು ತಡವಾದರೆ ಸಾಮಾನ್ಯವಾಗಿ ಲೋಕ ಮುಳುಗದು. ವಿದ್ಯಾರ್ಥಿಗೆ ಮಾತ್ರ ಆ ವರ್ಷ ಮರಳಿ ಬರುವುದಿಲ್ಲ. ಎರಡರಲ್ಲಿ ಒಂದು ಕಾಯಲೇಬೇಕಾದ ವಾರದಲ್ಲಿ ಕಾಯಬೇಕಾದದ್ದು ಸಂಶೋಧನೆ. ಹಾಗೆಂದು ಇಪ್ಪತ್ತು ವರ್ಷದ ಹಳದಿ ಹಾಳೆಗಳ ಟಿಪ್ಪಣಿಯನ್ನೇ ಓದಿ ಹೇಳುವವರಿಗೆ ಇದು ರಕ್ಷೆಯಲ್ಲ. ತಾವೇ ಹುಡುಕುವುದನ್ನು ಬಿಟ್ಟವರು ಹುಡುಗರಿಗೆ ಹುಡುಕಲು ಹೇಗೆ ಕಲಿಸಿಯಾರು?

ಕಾಲೇಜು ಆರಿಸುವಾಗ ನಾವು ಶುಲ್ಕ, ಹಾಸ್ಟೆಲು, ಕೆಲಸ ಸಿಗುವ ಸಂಭವ ಇವನ್ನೆಲ್ಲ ವಿಚಾರಿಸುತ್ತೇವೆ. ಮೊದಲ ವರ್ಷದವರಿಗೆ ಪಾಠ ಹೇಳುವವರು ಯಾರು, ಅವರೀಗ ಯಾವ ಪ್ರಶ್ನೆಯ ಬೆನ್ನುಹತ್ತಿದ್ದಾರೆ ಎಂದೂ ಕೇಳಬಹುದಲ್ಲವೆ?