ನೋಟಗಾರನ ಪಾಲು

ಕಾರಹುಣ್ಣಿಮೆಯ ಸಂಜೆ ಕರಿ ಹರಿಯುವುದನ್ನು ನೋಡದವರು ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ವಿರಳ. ಕೊಂಬಿಗೆ ಬಣ್ಣ ಬಳಿದು, ಜೂಲು ಹೊದಿಸಿದ ಎತ್ತುಗಳನ್ನು ಊರ ಅಗಸೆಯ ಕಡೆಗೆ ಓಡಿಸುವರು. ಅಲ್ಲಿ ಅಡ್ಡಲಾಗಿ ಕಟ್ಟಿದ ತಪ್ಪಲಿನ ಹಗ್ಗವೇ ಕರಿ. ಅದನ್ನು ಬಿಳಿಯ ಎತ್ತು ಮೊದಲು ಹರಿದರೆ ಹಿಂಗಾರಿಯೂ ಕೆಂದೆತ್ತು ಹರಿದರೆ ಮುಂಗಾರಿಯೂ ಚೆನ್ನಾಗಿ ಬರುವುದೆಂದು ಹಿರಿಯರ ನಂಬಿಕೆ. ನಾನು ಚಿಕ್ಕವನಿದ್ದಾಗ ಅಂತಹ ಒಂದು ಸಂಜೆ ಎತ್ತೊಂದು ಬೆದರಿ ಜನರೊಳಗೆ ನುಗ್ಗಿತು. ಹುಡುಗನೊಬ್ಬನು ಬಿದ್ದನು. ದೈವವಶಾತ್ ಅವನಿಗೆ ಹೆಚ್ಚಿನ ಪೆಟ್ಟಾಗಲಿಲ್ಲ. ಆದರೆ ಆ ಕ್ಷಣದಲ್ಲಿ ನನ್ನ ಬಾಯಿಂದ ಹೊರಟದ್ದು ಹರ್ಷದ ಕೇಕೆ. ಅದನ್ನು ನಾನು ಇನ್ನೂ ಮರೆತಿಲ್ಲ.

ಓಡುವವನ ಧೈರ್ಯದ ವಿಚಾರವಾಗಿ ಬಹಳ ಮಂದಿ ಬರೆದಿರುವರು. ನಿಂತು ನೋಡುವವನ ಹೊಣೆಯೇನೆಂಬುದನ್ನು ಕೇಳುವವರು ಕಡಿಮೆ.

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಪೆದ್ರಾಲ್ಬೆಸ್ ಎಂಬ ಭಾಗವುಂಟು. ಅಲ್ಲಿನ ಅಗಲವಾದ ಬೀದಿಗಳನ್ನೇ ಹಾದಿಯಾಗಿ ಮಾಡಿ 1951ರಲ್ಲಿಯೂ 1954ರಲ್ಲಿಯೂ ಮೋಟಾರು ಗಾಡಿಗಳ ಜಾಗತಿಕ ಶರ್ಯತ್ತನ್ನು ನಡೆಯಿಸಿದರು. ಒಂದು ಸುತ್ತು ಆರು ಕಿಲೋಮೀಟರಿಗೆ ಮಿಕ್ಕದ್ದು. 1951ರಲ್ಲಿ ಇಂತಹ 70 ಸುತ್ತುಗಳು. ಆ ಸಲ ಗೆದ್ದ ಅರ್ಜೆಂಟೈನಾದ ಫಾಂಜಿಯೋ ಮೊದಲ ಬಾರಿಗೆ ಜಗಜ್ಜೇತನಾದನು. 1954ರಲ್ಲಿ ಇಂಗ್ಲಂಡಿನ ಹಾಥಾರ್ನ್ ಗೆದ್ದನು.

ಮರುವರ್ಷ, 1955ರ ಜೂನ್ 11ರಂದು, ಫ್ರಾನ್ಸಿನ ಲ ಮಾನ್ ಊರಿನ 24 ತಾಸುಗಳ ಶರ್ಯತ್ತಿನಲ್ಲಿ ಒಂದು ಗಾಡಿಯು ಮತ್ತೊಂದಕ್ಕೆ ತಾಗಿ ಮೇಲಕ್ಕೆದ್ದು ಸಿಡಿಯಿತು. ಅದರ ಭಾಗಗಳು ಪ್ರೇಕ್ಷಕರ ನಡುವೆ ಬಿದ್ದವು. 80ಕ್ಕೂ ಹೆಚ್ಚು ಜನರು ಸತ್ತರು. ಶರ್ಯತ್ತು ಮಾತ್ರ ನಿಲ್ಲಲಿಲ್ಲ. ಜನರೆಲ್ಲ ಒಮ್ಮೆಗೇ ಹೊರಟರೆ ಗಾಯಾಳುಗಳನ್ನು ಒಯ್ಯುವ ವಾಹನಗಳಿಗೆ ದಾರಿ ಸಿಗದೆಂಬುದು ನಡೆಯಿಸಿದವರ ಸಮಾಧಾನ. ಮರ್ಸಿಡಿಸ್ ಕಂಪನಿಯವರು ಆ ರಾತ್ರಿಯೇ ತಮ್ಮ ಉಳಿದ ಗಾಡಿಗಳನ್ನು ಹಿಂತೆಗೆದುಕೊಂಡರು. ಮರುದಿನ ಗೆದ್ದ ಗಾಡಿಯನ್ನು ಓಡಿಸಿದ ಇಬ್ಬರಲ್ಲಿ ಒಬ್ಬನು ಅದೇ ಹಾಥಾರ್ನ್. ಪೆದ್ರಾಲ್ಬೆಸ್ಸಿನ ಬೀದಿಗಳಲ್ಲಿ ಆ ಶರ್ಯತ್ತು ಮತ್ತೆ ನಡೆಯಲಿಲ್ಲ.

ನೋಡುವವನು ಏನನ್ನೂ ಮಾಡುವುದಿಲ್ಲವಲ್ಲ, ಅವನಲ್ಲಿ ದೋಷವೆಲ್ಲಿಯದು ಎಂದು ಕೇಳಬಹುದು. ವೇಗವೊಂದೇ ಬೇಕಾದವನಿಗೆ ಬಯಲು ಸಾಕು. ಊರ ಬೀದಿಗೆ ಬರುವವನಿಗೆ ಕಣ್ಣುಗಳು ಬೇಕು. ಆ ಕಣ್ಣುಗಳನ್ನು ಕೊಡುವವರು ನಾವು. ಲ ಮಾನ್‌ದಲ್ಲಿಯಂತೂ ಶರ್ಯತ್ತು ಮುಂದುವರಿಯಲು ಜನರ ಗುಂಪೇ ಕಾರಣವಾಯಿತು. ಇಷ್ಟಾದ ಮೇಲೆ ನಮ್ಮದೇನೂ ಇಲ್ಲವೆಂದು ಕೈ ತೊಳೆದುಕೊಳ್ಳುವುದು ಹೇಗೆ?

ಅಪಾಯವಿಲ್ಲದೆ ಧೈರ್ಯವಿಲ್ಲ, ಧೈರ್ಯವನ್ನು ಮೆಚ್ಚುವುದು ಸದ್ಗುಣವೇ ಎಂದು ಮತ್ತೊಬ್ಬರು ಹೇಳಬಹುದು. ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಸವಾರನು ಅಪಾಯವನ್ನು ಬಲ್ಲವನು, ಪ್ರಾಣವನ್ನು ತಾನಾಗಿ ಪಣವೊಡ್ಡಿದವನು. ತಂದೆಯ ಹೆಗಲೇರಿ ಕುಳಿತ ಕೂಸು ಯಾವ ಪಣವನ್ನೂ ಒಡ್ಡಿಲ್ಲ. ಅದನ್ನು ಮುಂದಿನ ಸಾಲಿಗೆ ಒಯ್ದವರು ಹಿರಿಯರು. ಮೆಚ್ಚಿಕೆಗೂ ಅಪಾಯದ ಹಸಿವಿಗೂ ಇರುವ ಭೇದವನ್ನು ಅರಿಯಲು ಒಂದು ಪರೀಕ್ಷೆಯುಂಟು. ಓಡುವವನು ಕಡಿದಾದ ತಿರುವನ್ನು ಕ್ಷೇಮವಾಗಿ ದಾಟಿದಾಗ ನಮ್ಮ ಎದೆ ಹಗುರಾಯಿತೋ, ಅಥವಾ ಏನೋ ತಪ್ಪಿಹೋಯಿತೆಂದು ಒಳಗೊಳಗೇ ನಿರಾಶೆಯಾಯಿತೋ? ಉತ್ತರವನ್ನು ಯಾರಿಗೂ ಹೇಳಬೇಕಾಗಿಲ್ಲ. ತನಗೆ ತಾನು ಹೇಳಿಕೊಂಡರೆ ಸಾಕು.

ಈ ಕಾರಣಕ್ಕಾಗಿ ಕರಿಯನ್ನು ನಿಲ್ಲಿಸಿರೆಂದು ನಾನು ಹೇಳಲಾರೆ. ವರ್ಷವೆಲ್ಲ ದುಡಿಯುವ ಎತ್ತಿಗೆ ಒಂದು ದಿನದ ಮೆರವಣಿಗೆ, ಮಳೆಗೆ ಕಾಯುವ ರೈತನಿಗೆ ಒಂದು ಆಸೆ. ಆದರೆ ಅಗಸೆಯ ಬಳಿ ನಾವು ನಾಲ್ಕು ಮಾರು ಹಿಂದೆ ಸರಿದು, ಮಕ್ಕಳನ್ನು ಕಟ್ಟೆಯ ಮೇಲೆ ನಿಲ್ಲಿಸಿದರೆ ಹಬ್ಬಕ್ಕೇನೂ ಕೊರತೆಯಾಗದು. ಅಂದು ಬಿದ್ದ ಹುಡುಗನು ಮಣ್ಣು ಕೊಡವಿಕೊಂಡು ಎದ್ದು, ಕೇಕೆ ಹಾಕಿದ ನಮ್ಮೆಲ್ಲರ ಮುಖವನ್ನು ಒಮ್ಮೆ ನೋಡಿ, ಮಾತಾಡದೆ ಮನೆಗೆ ಹೋದನು.